ಸಂತೋಷ್ ಯಾರು? ಬಂಗಾಳದ ಸಂಸ್ಥೆಗೆ ‘ಇಂಡಿಯನ್’ ಹೆಸರು ಯಾಕೆ?

ಪ್ರಶ್ನೆ: 2023ರಲ್ಲಿ ಕರ್ನಾಟಕ ತಂಡ ಸಂತೋಷ್ ಟ್ರೋಫಿ ಗೆದ್ದಾಗ ನನ್ನ ಮಗಳು ‘ಅಪ್ಪಾ, ಸಂತೋಷ್ ಅಂದ್ರೆ ಯಾರು?’ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಹುಡುಕಿದಾಗ ಆ ಟ್ರೋಫಿಯನ್ನು ಕೋಲ್ಕತ್ತಾದ ‘ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್’ ಕೊಟ್ಟಿದ್ದು ಅಂತ ತಿಳಿಯಿತು. ಆದರೆ ಅದು ಇಡೀ ದೇಶದ ಸಂಸ್ಥೆಯಲ್ಲವಂತೆ, ಬರೀ ಪಶ್ಚಿಮ ಬಂಗಾಳದ್ದಂತೆ. ಒಂದು ರಾಜ್ಯದ ಸಂಸ್ಥೆಗೆ ‘ಇಂಡಿಯನ್’ ಅನ್ನೋ ಹೆಸರು ಹೇಗೆ ಬಂತು? ಅದಕ್ಕೂ ನಮ್ಮ ಮೈಸೂರು, ಬೆಂಗಳೂರಿನ ಫುಟ್‌ಬಾಲಿಗೂ ಏನಾದರೂ ನಂಟು ಇದೆಯಾ?
– ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಮೊದಲು ನಿಮ್ಮ ಮಗಳ ಪ್ರಶ್ನೆ ಮುಗಿಸಿಬಿಡೋಣ. ಸಂತೋಷ್ ಒಂದು ಊರು. ಈಗಿನ ಬಾಂಗ್ಲಾದೇಶದ ಟಾಂಗೈಲ್ ಜಿಲ್ಲೆಯಲ್ಲಿದೆ. ಬ್ರಿಟಿಷರ ಕಾಲದಲ್ಲಿ ಅದೊಂದು ಜಮೀನ್ದಾರಿ. ಅದರ ಒಡೆಯರು ಸರ್ ಮನ್ಮಥನಾಥ ರಾಯ್ ಚೌಧುರಿ. ನಾವು ‘ಮೈಸೂರು ಮಹಾರಾಜರು’ ಅನ್ನುವ ಹಾಗೆ ಅವರನ್ನು ‘ಸಂತೋಷ್ ಮಹಾರಾಜರು’ ಅನ್ನುತ್ತಿದ್ದರು. ಗಾತ್ರದಲ್ಲಿ ಎರಡಕ್ಕೂ ಹೋಲಿಕೆ ಇಲ್ಲ ಬಿಡಿ. ಬಂಗಾಳದ ರಾಜಕೀಯದಲ್ಲಿ ದೊಡ್ಡ ಹೆಸರು, ಜೊತೆಗೆ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ನಿನ ಅಧ್ಯಕ್ಷರು. 1939ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ ಆ ಸಂಸ್ಥೆ ಅವರ ನೆನಪಿಗೆ ಒಂದು ಟ್ರೋಫಿ ಕೊಟ್ಟಿತು. ಪ್ರಾಂತಗಳ ತಂಡಗಳು ಅದಕ್ಕಾಗಿ ಆಡಲಿ ಅನ್ನೋದು ಉದ್ದೇಶ. ಅದೇ ಸಂತೋಷ್ ಟ್ರೋಫಿ. ಗೆದ್ದವರಿಗೆ ಆಗುವ ಸಂತೋಷಕ್ಕೂ ಆ ಹೆಸರಿಗೂ ಸಂಬಂಧ ಇಲ್ಲ. ಚಿಕ್ಕಂದಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ.

ಇನ್ನು ‘ಇಂಡಿಯನ್’ ಅನ್ನೋ ಹೆಸರು. ಇದಕ್ಕೆ ಉತ್ತರ ಕೊಡಬೇಕಾದರೆ 1893ಕ್ಕೆ ಹೋಗಬೇಕು. ಆಗ ಕೋಲ್ಕತ್ತಾ ಬ್ರಿಟಿಷ್ ಇಂಡಿಯಾದ ರಾಜಧಾನಿ. ವೈಸ್‌ರಾಯ್ ಅಲ್ಲೇ ಇರುತ್ತಿದ್ದರು. ದೊಡ್ಡ ವ್ಯಾಪಾರವೆಲ್ಲ ಅಲ್ಲೇ. ಫೋರ್ಟ್ ವಿಲಿಯಂ ಕೋಟೆಯ ಮುಂದೆ ವಿಶಾಲವಾದ ಮೈದಾನ, ಅದರ ತುಂಬ ಬಿಳಿಯರ ಕ್ಲಬ್ಬುಗಳು, ಸೈನ್ಯದ ತಂಡಗಳು. ಆ ಕ್ಲಬ್ಬುಗಳು ಸೇರಿ ಒಂದು ಸಂಸ್ಥೆ ಕಟ್ಟಿಕೊಂಡವು. ರಾಜಧಾನಿಯಲ್ಲಿ ಕೂತವರಿಗೆ ತಮ್ಮ ಊರೇ ದೇಶ ಅನ್ನಿಸುವುದು ಹೊಸದೇನಲ್ಲ. ‘ಕಲ್ಕತ್ತಾ’ ಅಂತಲೋ ‘ಬಂಗಾಳ’ ಅಂತಲೋ ಹೆಸರಿಡುವ ಯೋಚನೆ ಅವರಿಗೆ ಬಂದ ಹಾಗಿಲ್ಲ. ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಅಂದರು. ಚಿಕ್ಕದಾಗಿ ಐಎಫ್‌ಎ.

ಇಂಥ ದೊಡ್ಡ ಹೆಸರಿನ ರಾಜ್ಯ ಸಂಸ್ಥೆ ಅದೊಂದೇ ಅಲ್ಲ. ಮುಂಬೈಯನ್ನೇ ನೋಡಿ. ಮಹಾರಾಷ್ಟ್ರದ ಫುಟ್‌ಬಾಲ್ ಸಂಸ್ಥೆಯ ಹೆಸರು ಇವತ್ತಿಗೂ ‘ವೆಸ್ಟರ್ನ್ ಇಂಡಿಯಾ ಫುಟ್‌ಬಾಲ್ ಅಸೋಸಿಯೇಷನ್’. ಅವರು ಪಶ್ಚಿಮಕ್ಕೆ ತೃಪ್ತಿಪಟ್ಟರು. ಕೋಲ್ಕತ್ತಾದವರು ಇಡೀ ದೇಶವನ್ನೇ ತೊಟ್ಟುಕೊಂಡರು.

ಭಾರತದಲ್ಲಿ ಫುಟ್‌ಬಾಲ್ ಟೂರ್ನಿ ಶುರುವಾಗಿದ್ದು ಮಾತ್ರ ಕೋಲ್ಕತ್ತಾದಲ್ಲಲ್ಲ. ಮೊದಲನೆಯದು 1888ರಲ್ಲಿ ಶಿಮ್ಲಾದ ಡ್ಯುರಾಂಡ್ ಕಪ್. ಸರ್ಕಾರದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಮಾರ್ಟಿಮರ್ ಡ್ಯುರಾಂಡ್ ಸೈನಿಕರಿಗಾಗಿ ಶುರು ಮಾಡಿದ್ದು. ಮುಂದಿನ ವರ್ಷ ಕೋಲ್ಕತ್ತಾದಲ್ಲಿ ಟ್ರೇಡ್ಸ್ ಕಪ್ ಬಂತು, 1891ರಲ್ಲಿ ಮುಂಬೈಯಲ್ಲಿ ರೋವರ್ಸ್ ಕಪ್. ಟ್ರೇಡ್ಸ್ ಕಪ್‌ನಲ್ಲಿ 1892ರಲ್ಲಿ ಒಂದು ಸ್ವಾರಸ್ಯ ನಡೆಯಿತು. ಶೋಭಾಬಜಾರ್ ಅನ್ನೋ ಬಂಗಾಳಿಗಳ ಕ್ಲಬ್ಬು ಈಸ್ಟ್ ಸರ್ರೆ ರೆಜಿಮೆಂಟನ್ನು 2–1ರಲ್ಲಿ ಸೋಲಿಸಿತು. ಆ ಕ್ಲಬ್ಬು ಕಟ್ಟಿದವರು ನಗೇಂದ್ರಪ್ರಸಾದ ಸರ್ವಾಧಿಕಾರಿ. ಹುಡುಗನಾಗಿದ್ದಾಗ ಮೈದಾನದ ಪಕ್ಕ ಹೋಗುತ್ತಿದ್ದಾಗ ಬಿಳಿ ಸೈನಿಕರ ಚೆಂಡು ಕಾಲಿಗೆ ಸಿಕ್ಕಿ, ಅದನ್ನು ಒದ್ದದ್ದೇ ಹುಚ್ಚಿಗೆ ಮೊದಲಾಯಿತು ಅಂತ ಕಥೆ. ಬಂಗಾಳದಲ್ಲಿ ಅವರನ್ನು ಭಾರತದ ಫುಟ್‌ಬಾಲಿನ ಪಿತಾಮಹ ಅನ್ನುತ್ತಾರೆ.

1893ರಲ್ಲಿ ಐಎಫ್‌ಎ ಹುಟ್ಟಿತು. ಅದರ ಜೊತೆಗೇ ಐಎಫ್‌ಎ ಶೀಲ್ಡ್ ಕೂಡ. ಹೆಸರೇ ಹೇಳುವ ಹಾಗೆ ಗೆದ್ದವರಿಗೆ ಕೊಡುತ್ತಿದ್ದದ್ದು ಕಪ್ ಅಲ್ಲ, ಗುರಾಣಿ. ಮೊದಲ ವರ್ಷ ಗೆದ್ದದ್ದು ರಾಯಲ್ ಐರಿಷ್ ರೈಫಲ್ಸ್. ಆಡಿದ ಭಾರತೀಯ ಕ್ಲಬ್ಬು ಒಂದೇ, ಅದೇ ಶೋಭಾಬಜಾರ್. 1898ರಲ್ಲಿ ಕಲ್ಕತ್ತಾ ಫುಟ್‌ಬಾಲ್ ಲೀಗ್ ಶುರುವಾಯಿತು. ಏಷ್ಯಾದ ಅತಿ ಹಳೆಯ ಲೀಗ್ ಅದು. ಅಲ್ಲಂತೂ ಶುರುವಿನಲ್ಲಿ ಭಾರತೀಯರಿಗೆ ಜಾಗವೇ ಇರಲಿಲ್ಲ. ಹೆಸರು ಇಂಡಿಯನ್, ಆಡುವವರು ಮಾತ್ರ ಇಂಡಿಯನ್ನರಲ್ಲ. ಸುಮಾರು ಹದಿನೆಂಟು ವರ್ಷ ಹೀಗೇ ನಡೆಯಿತು. ಸೈನ್ಯದ ಒಂದು ತಂಡ ಸೋತರೆ ಇನ್ನೊಂದು ಗೆಲ್ಲುತ್ತಿತ್ತು, ಇಲ್ಲವೇ ಬಿಳಿಯರ ಕಲ್ಕತ್ತಾ ಎಫ್‌ಸಿ.

ಆಮೇಲೆ ಬಂತು 1911.

ಈ ಕಥೆ ನೀವು ಎಲ್ಲಾದರೂ ಕೇಳಿರುತ್ತೀರಿ. ಆದರೂ ಪೂರ್ತಿ ಹೇಳುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಮೋಹನ್ ಬಗಾನ್ ಕ್ಲಬ್ಬು 1889ರಲ್ಲಿ ಹುಟ್ಟಿದ್ದು. 1911ರ ಶೀಲ್ಡ್‌ನಲ್ಲಿ ಅವರು ಮೊದಲು ಸೇಂಟ್ ಝೇವಿಯರ್ಸ್ ಕಾಲೇಜನ್ನು 3–0ರಲ್ಲಿ ಸೋಲಿಸಿದರು. ಅದು ಕಾಲೇಜು ತಂಡ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ರೇಂಜರ್ಸ್ 2–1, ರೈಫಲ್ ಬ್ರಿಗೇಡ್ 1–0. ಆಗ ಊರು ತಿರುಗಿ ನೋಡಿತು. ಸೆಮಿಫೈನಲ್‌ನಲ್ಲಿ ಮಿಡ್ಲ್‌ಸೆಕ್ಸ್ ರೆಜಿಮೆಂಟ್ ಜೊತೆ 1–1. ಮತ್ತೆ ಆಡಿಸಿದರು, ಈ ಸಲ ಬಗಾನ್ 3–0. ಫೈನಲ್ ಜುಲೈ 29ಕ್ಕೆ, ಎದುರಾಳಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್.

ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲಲ್ಲಿ ಆಡಿದರು. ಬೂಟು ಹಾಕಿದ್ದವರು ಪಾದ್ರಿ ಸುಧೀರ್ ಚಟರ್ಜಿ ಒಬ್ಬರೇ. ಎದುರಿಗೆ ಬೂಟುಗಾಲಿನ ಸೋಲ್ಜರ್‌ಗಳು. ಮಳೆಗಾಲದ ಮೈದಾನದಲ್ಲಿ ಬರಿಗಾಲಿಗೆ ಬೂಟು ತಗಲಿದರೆ ಏನಾಗುತ್ತದೆ ಅಂತ ನಮ್ಮ ಕಾಲದ ಹುಡುಗರಿಗೆ ಗೊತ್ತಿತ್ತು, ಈಗಿನವರಿಗೆ ಹೇಳಬೇಕು. ಢಾಕಾ, ಪಾಟ್ನಾ, ಅಸ್ಸಾಂ ಕಡೆಯಿಂದ ಜನ ಬಂದಿದ್ದರು. ವಿಶೇಷ ರೈಲು, ಸ್ಟೀಮರ್ ಬಿಟ್ಟಿದ್ದರು. ಅರ್ಧ ಲಕ್ಷಕ್ಕೂ ಜಾಸ್ತಿ ಜನ ಅಂತ ಆಗಿನ ಅಂದಾಜು. ಬಹಳ ಜನಕ್ಕೆ ಆಟ ಕಾಣುತ್ತಲೇ ಇರಲಿಲ್ಲ. ಅದಕ್ಕೆ ಯಾರೋ ಒಂದು ಉಪಾಯ ಮಾಡಿದ್ದರು. ಸ್ಕೋರು ತಿಳಿಸಲು ಗಾಳಿಪಟ ಹಾರಿಸುವುದು. ದೂರ ನಿಂತವರು ಆಕಾಶ ನೋಡಿ ಗೋಲು ಲೆಕ್ಕ ಹಾಕಿದರು.

ಮೊದಲ ಗೋಲು ಈಸ್ಟ್ ಯಾರ್ಕ್‌ಷೈರ್‌ದು. ಆಮೇಲೆ ನಾಯಕ ಶಿವದಾಸ ಭಾದುರಿ ಸಮ ಮಾಡಿದರು. ಆಟ ಇನ್ನೇನು ಮುಗಿಯಬೇಕು ಅನ್ನುವಾಗ ಅಭಿಲಾಷ್ ಘೋಷ್ ಗೆಲುವಿನ ಗೋಲು ಹೊಡೆದರು. 2–1. ಭಾರತೀಯರ ತಂಡವೊಂದು ಐಎಫ್‌ಎ ಶೀಲ್ಡ್ ಗೆದ್ದದ್ದು ಅದೇ ಮೊದಲು. ಬಂಗಾಳ ವಿಭಜನೆಯ ಸಿಟ್ಟು ಇನ್ನೂ ಆರಿರದ ಕಾಲ. ಅದಕ್ಕೇ ಆ ಗೆಲುವು ಆಟಕ್ಕಿಂತ ದೊಡ್ಡದಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ದರ್ಬಾರಿನಲ್ಲಿ ದೊರೆ ವಿಭಜನೆ ರದ್ದು ಮಾಡಿದ, ರಾಜಧಾನಿಯನ್ನು ದೆಹಲಿಗೆ ಸಾಗಿಸುವುದಾಗಿಯೂ ಹೇಳಿದ. ಫುಟ್‌ಬಾಲಿನಲ್ಲಿ ಸೋತಿದ್ದಕ್ಕೇ ರಾಜಧಾನಿ ಎತ್ತಿಕೊಂಡು ಹೋದರು ಅಂತ ಕೆಲವರು ತಮಾಷೆ ಮಾಡುತ್ತಾರೆ. ಅದು ತಮಾಷೆಯೇ. ಆದರೆ ನಮ್ಮ ಪ್ರಶ್ನೆಗೆ ಒಂದು ಎಳೆ ಇಲ್ಲಿ ಸಿಗುತ್ತದೆ. ರಾಜಧಾನಿ ಹೋಯಿತು, ‘ಇಂಡಿಯನ್’ ಅನ್ನೋ ಹೆಸರು ಕೋಲ್ಕತ್ತಾದಲ್ಲೇ ಉಳಿಯಿತು.

1911ರ ಗೆಲುವಿನಿಂದ ಎಲ್ಲ ಬದಲಾಯಿತು ಅಂದುಕೊಳ್ಳಬೇಡಿ. ಪತ್ರಿಕೆಗಳಲ್ಲಿ ಪ್ರತಿ ಜುಲೈ ಬರುವ ಲೇಖನಗಳು ಇಲ್ಲಿಗೇ ಮುಗಿಯುತ್ತವೆ, ಅದು ನನಗೆ ಬೇಜಾರು. ಮೋಹನ್ ಬಗಾನ್‌ಗೆ ಲೀಗ್‌ನ ಎರಡನೇ ಡಿವಿಷನ್‌ಗೆ ಪ್ರವೇಶ ಸಿಕ್ಕಿದ್ದು 1914ರಲ್ಲಿ. ಮೊದಲ ಡಿವಿಷನ್‌ಗೆ ಏರಿದ್ದು ಮರುವರ್ಷ. ಅಲ್ಲೂ ಒಂದು ತಡೆಗೋಡೆ ಇತ್ತು. ಮೊದಲ ಡಿವಿಷನ್‌ನಲ್ಲಿ ಭಾರತೀಯರ ಕ್ಲಬ್ಬು ಎರಡಕ್ಕಿಂತ ಜಾಸ್ತಿ ಇರಬಾರದು ಅಂತ ನಿಯಮ. ಚೆನ್ನಾಗಿ ಆಡಿ ಗೆದ್ದರೂ ಮೇಲಕ್ಕೆ ಹೋಗುವ ಹಾಗಿಲ್ಲ! 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಇದು ಅಡ್ಡ ಬಂತು. ಜಗಳವಾಗಿ, ಆ ನಿಯಮ ಬಿದ್ದುಹೋದ ಮೇಲೆ 1925ರಲ್ಲಿ ಅದು ಮೊದಲ ಡಿವಿಷನ್‌ನಲ್ಲಿ ಆಡಿತು. ಐಎಫ್‌ಎ ನಿಜಕ್ಕೂ ‘ಇಂಡಿಯನ್’ ಆಗತೊಡಗಿದ್ದು ಆವಾಗ ಅಂತ ನನ್ನ ಲೆಕ್ಕ.

ಇಲ್ಲಿಂದ ನಮ್ಮ ಬೆಂಗಳೂರು ಕಥೆಯೊಳಗೆ ಬರುತ್ತದೆ.

ಮೊಹಮ್ಮಡನ್ ಸ್ಪೋರ್ಟಿಂಗ್ ಅನ್ನೋ ಕ್ಲಬ್ಬು 1934ರಲ್ಲಿ ಮೊದಲ ಡಿವಿಷನ್‌ಗೆ ಏರಿತು. ಏರಿದ ಮೊದಲ ವರ್ಷವೇ ಲೀಗ್ ಗೆದ್ದಿತು. ಲೀಗ್ ಗೆದ್ದ ಮೊದಲ ಭಾರತೀಯ ಕ್ಲಬ್ಬು ಅದು. 1938ರ ತನಕ ಸತತ ಐದು ಸಲ ಗೆದ್ದರು. 1936ರಲ್ಲಿ ಶೀಲ್ಡ್ ಕೂಡ ಅವರದೇ. ಅಂದರೆ 1911ರ ನಂತರ ಇನ್ನೊಂದು ಭಾರತೀಯ ತಂಡ ಶೀಲ್ಡ್ ಎತ್ತಲು ಇಪ್ಪತ್ತೈದು ವರ್ಷ ಬೇಕಾಯಿತು. ಮೊಹಮ್ಮಡನ್ ಗುಟ್ಟು ಏನು? ಒಂದು, ಮಳೆ ಬಂದಾಗ ಬೂಟು ಹಾಕಿ ಆಡುವುದು. ಇನ್ನೊಂದು, ಊರೂರಿಂದ ಆಟಗಾರರನ್ನು ಹುಡುಕಿ ತರುವುದು. ಹಾಗೆ ತಂದವರಲ್ಲಿ ಬೆಂಗಳೂರಿನವರೂ ಇದ್ದರು.

ಬೆಂಗಳೂರಿನಲ್ಲಿ ಕಂಟೋನ್ಮೆಂಟ್ ಇದ್ದದ್ದರಿಂದ ಫುಟ್‌ಬಾಲ್ ಮೊದಲೇ ಬೇರು ಬಿಟ್ಟಿತ್ತು. ಸೈನಿಕರ ಆಟ ನೋಡಿ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್ ಕಡೆಯ ಹುಡುಗರು ಕಲಿತರು. ಹಲಸೂರಿನ ಪಕ್ಕದ ಗೌತಮಪುರಕ್ಕೆ ಹೋದರೆ ಇವತ್ತಿಗೂ ಬೀದಿಯಲ್ಲಿ ಪೆಲೆ ಪ್ರತಿಮೆ ಕಾಣುತ್ತದೆ. ‘ಮಿನಿ ಬ್ರೆಜಿಲ್’ ಅಂತ ಆ ಜಾಗಕ್ಕೆ ಹೆಸರು. ಅಂಥ ಗಲ್ಲಿಗಳ ಆಟಗಾರರನ್ನು ಕಟ್ಟಿಕೊಂಡ ಕ್ಲಬ್ಬುಗಳಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ಒಂದು. 1937ರಲ್ಲಿ ಅವರು ಮುಂಬೈಗೆ ಹೋಗಿ ರೋವರ್ಸ್ ಕಪ್ ಆಡಿದರು. ರೋವರ್ಸ್ ಶುರುವಾಗಿ ನಲವತ್ತಾರು ವರ್ಷವಾಗಿತ್ತು. ಅಲ್ಲಿಯ ತನಕ ಒಂದೂ ಭಾರತೀಯ ತಂಡ ಅದನ್ನು ಗೆದ್ದಿರಲಿಲ್ಲ. ಆ ಸಲ ಫೈನಲ್‌ಗೆ ಬಂದ ಎರಡೂ ತಂಡ ಭಾರತೀಯರವೇ. ಒಂದು ಕಡೆ ಬೆಂಗಳೂರು ಮುಸ್ಲಿಮ್ಸ್, ಇನ್ನೊಂದು ಕಡೆ ಕೋಲ್ಕತ್ತಾದ ಮಹಾಬಲಶಾಲಿ ಮೊಹಮ್ಮಡನ್ ಸ್ಪೋರ್ಟಿಂಗ್. ಗೆದ್ದದ್ದು ಬೆಂಗಳೂರು, 1–0. ಮರುವರ್ಷ ಸ್ಕಾಟ್ಲೆಂಡಿನ ಆರ್ಗೈಲ್ ಆ್ಯಂಡ್ ಸದರ್ಲ್ಯಾಂಡ್ ಹೈಲ್ಯಾಂಡರ್ಸ್ ತಂಡವನ್ನು 3–2ರಲ್ಲಿ ಸೋಲಿಸಿ ಕಪ್ ಉಳಿಸಿಕೊಂಡರು. 1948ರಲ್ಲಿ ಮತ್ತೆ ಗೆದ್ದರು, ಆಗ ಸೋತದ್ದು ಮೋಹನ್ ಬಗಾನ್. 1911ರ ಕಥೆಯನ್ನು ದೇಶವೇ ಹೇಳುತ್ತದೆ. 1937ರ ಈ ಕಥೆಯನ್ನು ಬೆಂಗಳೂರಿನವರೇ ಹೇಳುವುದಿಲ್ಲ. ನಮಗೆ ನಮ್ಮದರ ಬಗ್ಗೆ ಅಷ್ಟು ಅಕ್ಕರೆ ಕಡಿಮೆ, ಅಲ್ವಾ?

ಆಟದಲ್ಲಿ ಬೇರೆ ಊರುಗಳು ಮೇಲೆ ಬಂದ ಹಾಗೆ ಆಡಳಿತದಲ್ಲೂ ಪ್ರಶ್ನೆ ಎದ್ದಿತು. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಜೊತೆ ನಂಟು ಇದ್ದದ್ದು ಐಎಫ್‌ಎಗೆ. ಭಾರತದ ಹೆಸರಲ್ಲಿ ಹೊರದೇಶಕ್ಕೆ ತಂಡ ಕಳಿಸುತ್ತಿದ್ದದ್ದೂ ಅದೇ. ಬೇರೆ ಪ್ರಾಂತಗಳವರು ‘ನೀವು ಬಂಗಾಳದವರು, ದೇಶದ ಪರವಾಗಿ ಮಾತಾಡುವ ಹಕ್ಕು ನಿಮಗೆ ಯಾರು ಕೊಟ್ಟರು?’ ಅನ್ನತೊಡಗಿದರು. ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆಯಿತು. ಕಡೆಗೆ 1937ರ ಜೂನ್ 23ರಂದು ಶಿಮ್ಲಾದ ಸೇನಾ ಕೇಂದ್ರ ಕಚೇರಿಯಲ್ಲಿ ಆರು ಪ್ರಾದೇಶಿಕ ಸಂಸ್ಥೆಗಳ ಪ್ರತಿನಿಧಿಗಳು ಸೇರಿದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹುಟ್ಟಿತು. ಈಗ ನಾವು ಎಐಎಫ್‌ಎಫ್ ಅನ್ನುತ್ತೇವಲ್ಲ, ಅದೇ.

ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ. ದೇಶದ ಸಂಸ್ಥೆ ಕಟ್ಟುವಾಗ ‘ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್’ ಅನ್ನೋ ಹೆಸರು ಆಗಲೇ ಬೇರೆಯವರ ಕೈಯಲ್ಲಿತ್ತು. ಹೊಸಬರು ‘ಆಲ್ ಇಂಡಿಯಾ’ ಅಂತ ಇಟ್ಟುಕೊಂಡರು. ಐಎಫ್‌ಎ ಅದರ ಕೆಳಗಿನ ಒಂದು ಪ್ರಾಂತೀಯ ಸಂಸ್ಥೆಯಾಯಿತು. ಹೆಸರು ಬಿಟ್ಟುಕೊಡಲಿಲ್ಲ. ನಾಲ್ಕು ದಶಕ ಆ ಹೆಸರಲ್ಲಿ ಶೀಲ್ಡ್, ಲೀಗ್ ಎಲ್ಲ ನಡೆಸಿದವರು ಯಾಕೆ ಬಿಡುತ್ತಾರೆ? ಹೆಸರೇನು, ಗತ್ತನ್ನೂ ಬಿಡಲಿಲ್ಲ. ಎಐಎಫ್‌ಎಫ್ ಹುಟ್ಟಿದ ಮರುವರ್ಷ, 1938ರಲ್ಲಿ, ಭಾರತದ ತಂಡ ಆಸ್ಟ್ರೇಲಿಯಾಕ್ಕೆ ಹೋಗಿ ಐದು ಟೆಸ್ಟ್ ಪಂದ್ಯ ಆಡಿತು. ಆ ತಂಡ ಕಳಿಸಿದ್ದು ಐಎಫ್‌ಎ. ನಾಯಕ ಕರುಣಾ ಭಟ್ಟಾಚಾರ್ಯ.

ಈ ಹಿನ್ನೆಲೆ ಇಟ್ಟುಕೊಂಡು ಸಂತೋಷ್ ಟ್ರೋಫಿ ನೋಡಿದರೆ ಅದರ ಅರ್ಥ ಬೇರೆಯಾಗುತ್ತದೆ. ದೇಶದ ಗದ್ದುಗೆ ಕೈತಪ್ಪಿದ ಸಂಸ್ಥೆ, ದೇಶದ ಪಂದ್ಯಾವಳಿಗೆ ತನ್ನ ಅಧ್ಯಕ್ಷರ ಹೆಸರಿನ ಟ್ರೋಫಿ ಕೊಟ್ಟಿತು. ಎರಡನೇ ಸ್ಥಾನದ ಟ್ರೋಫಿ ಕೂಡ ಅಲ್ಲಿಯದೇ. ಐಎಫ್‌ಎ ಅಧ್ಯಕ್ಷರಾಗಿದ್ದ ಎಸ್.ಕೆ. ಗುಪ್ತ ತಮ್ಮ ಹೆಂಡತಿಯ ಹೆಸರಲ್ಲಿ ಕೊಟ್ಟ ಕಮಲಾ ಗುಪ್ತ ಟ್ರೋಫಿ. ಇದರಲ್ಲಿ ದೊಡ್ಡತನ ಇತ್ತಾ, ಹಕ್ಕು ಸ್ಥಾಪನೆ ಇತ್ತಾ ಅಂದರೆ ಎರಡೂ ಇತ್ತು ಅನ್ನುತ್ತೇನೆ. ಮದುವೆ ಮನೆಯಲ್ಲಿ ಯಜಮಾನಿಕೆ ಹೋದ ದೊಡ್ಡಪ್ಪ ಮಂಟಪದ ಖರ್ಚು ನನ್ನದು ಅಂದ ಹಾಗೆ.

1941ರ ಮೊದಲ ಫೈನಲ್‌ನಲ್ಲಿ ಬಂಗಾಳ ದೆಹಲಿಯನ್ನು 5–1ರಲ್ಲಿ ಸೋಲಿಸಿತು. ಆಮೇಲೆ ಯುದ್ಧದ ಗಲಾಟೆಯಲ್ಲಿ ಎರಡು ವರ್ಷ ನಡೆಯಲಿಲ್ಲ. 1946ರಲ್ಲಿ ಕೋಲ್ಕತ್ತಾ ಕೋಮು ಗಲಭೆಯಲ್ಲಿ ಹೊತ್ತಿ ಉರಿಯಿತು, ಆ ವರ್ಷ ಶೀಲ್ಡ್ ನಡೆಯಲೇ ಇಲ್ಲ. ಆ ಋತುವಿನ ಸಂತೋಷ್ ಟ್ರೋಫಿಯಲ್ಲಿ ನಮ್ಮ ಮೈಸೂರು ತಂಡ ಫೈನಲ್ ತಲುಪಿತು. ಎದುರಿಗೆ ಬಂಗಾಳ. ಮೊದಲ ಪಂದ್ಯ 0–0. ಮರುಪಂದ್ಯದಲ್ಲಿ ಮೈಸೂರು 2–1. ಟ್ರೋಫಿ ಕೊಟ್ಟವರ ಕೈಯಿಂದಲೇ ಕಿತ್ತುಕೊಂಡಿತು.

ಅದು ಅಲ್ಲಿಗೆ ನಿಲ್ಲಲಿಲ್ಲ. 1952–53ರಲ್ಲಿ ಮೈಸೂರು 1–0, ಎದುರಾಳಿ ಬಂಗಾಳ. 1967–68ರಲ್ಲಿ 1–0, ಮತ್ತೆ ಬಂಗಾಳ. 1968–69ರಲ್ಲಿ ಮೊದಲು 0–0, ಆಮೇಲೆ 1–0, ಆಗಲೂ ಬಂಗಾಳವೇ. ಮೈಸೂರು ಹೆಸರಲ್ಲಿ ನಾವು ಗೆದ್ದ ನಾಲ್ಕು ಟ್ರೋಫಿಗಳ ನಾಲ್ಕೂ ಫೈನಲ್ ಬಂಗಾಳದ ಎದುರೇ! ಒಮ್ಮೆಯೂ ಒಂದು ಗೋಲಿಗಿಂತ ಜಾಸ್ತಿ ಅಂತರ ಇರಲಿಲ್ಲ. ನ್ಯಾಯವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. 1953–54, 1955–56, 1962–63ರ ಫೈನಲ್‌ಗಳಲ್ಲಿ ಬಂಗಾಳ ನಮ್ಮನ್ನು ಸೋಲಿಸಿತು. ರಾಜ್ಯದ ಹೆಸರು 1973ರಲ್ಲಿ ಕರ್ನಾಟಕ ಅಂತಾದ ಮೇಲೆ 1975–76ರಲ್ಲೂ ಮತ್ತೊಮ್ಮೆ. ಲೆಕ್ಕ ಹಾಕಿದರೆ ನಾಲ್ಕಕ್ಕೆ ನಾಲ್ಕು. ಒಟ್ಟು ಗೆಲುವಿನ ಲೆಕ್ಕಕ್ಕೆ ಹೋದರೆ ಮಾತ್ರ ನಾವು ಹತ್ತಿರವೂ ಇಲ್ಲ. 2024ರ ಡಿಸೆಂಬರ್ 31ರಂದು ಹೈದರಾಬಾದಿನಲ್ಲಿ ಕೇರಳವನ್ನು 1–0ರಲ್ಲಿ ಸೋಲಿಸಿದಾಗ ಬಂಗಾಳಕ್ಕೆ ಅದು 33ನೇ ಪ್ರಶಸ್ತಿ.

ಮೈದಾನದಲ್ಲಿ ಎದುರಾಳಿಗಳಾದರೂ ನಮ್ಮವರು ಹೊಟ್ಟೆಪಾಡಿಗೆ, ಹೆಸರಿಗೆ ಹೋಗುತ್ತಿದ್ದದ್ದು ಕೋಲ್ಕತ್ತಾಕ್ಕೇ. ಶೀಲ್ಡ್, ಲೀಗ್‌ಗಳ ಆಕರ್ಷಣೆ ಅಂಥದ್ದು. ಬೆಂಗಳೂರಿನ ಅಹ್ಮದ್ ಖಾನ್ ಅವರ ಹೆಸರು ಮೊದಲು ಹೇಳಬೇಕು. ಚೆಂಡನ್ನು ಅವರು ಆಡಿಸುತ್ತಿದ್ದ ರೀತಿ ನೋಡಿ ‘ಹಾವಾಡಿಗ’ ಅಂತ ಕರೆಯುತ್ತಿದ್ದರಂತೆ. ಈಸ್ಟ್ ಬೆಂಗಾಲ್‌ನ ಮುಂಚೂಣಿಯಲ್ಲಿ ಐದು ಜನ ಇದ್ದರು. ಅಹ್ಮದ್ ಖಾನ್, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೆ. ಬಂಗಾಳದ ಜನ ಅವರಿಗೆ ‘ಪಂಚ ಪಾಂಡವರು’ ಅಂತ ಹೆಸರಿಟ್ಟಿದ್ದರು. ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ. ಧನರಾಜ್ ಕೂಡ ಬೆಂಗಳೂರಿನವರು. ಈಸ್ಟ್ ಬೆಂಗಾಲ್ 1949, 50, 51ರಲ್ಲಿ ಸತತ ಮೂರು ಸಲ ಶೀಲ್ಡ್ ಗೆದ್ದದ್ದು ಇವರ ಕಾಲದಲ್ಲೇ.

1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಬೆಂಗಳೂರಿನ ಹುಡುಗರು ಹಲವರಿದ್ದರು. ಫ್ರಾನ್ಸ್ ಎದುರು ನಾವು 1–2ರಲ್ಲಿ ಸೋತೆವು, ಎರಡು ಪೆನಾಲ್ಟಿ ಕೈಚೆಲ್ಲಿದೆವು. ಹೊಡೆದ ಆ ಒಂದು ಗೋಲು ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು. ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ನಮ್ಮನ್ನು 10–1ರಲ್ಲಿ ಅರೆದು ಹಾಕಿತು. ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಚಳಿಯಲ್ಲಿ ಬಹಳ ಜನ ಬರಿಗಾಲಲ್ಲಿ ಆಡಿದ್ದರು. ಆ ಸೋಲಿನ ಮೇಲೇ ಬೂಟು ಕಡ್ಡಾಯವಾಯಿತು. 1911ರಲ್ಲಿ ಹೆಮ್ಮೆ ತಂದ ಬರಿಗಾಲು ನಲವತ್ತು ವರ್ಷಕ್ಕೆ ನಾಚಿಕೆಯಾಯಿತು. ಆಮೇಲೂ ಕೆಂಪಯ್ಯ, ಅರುಮೈನಾಯಗಂ ಅಂಥವರು ಮೋಹನ್ ಬಗಾನ್‌ಗೆ ಆಡಿದರು. 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು. ಅವರ ಓಟಕ್ಕೆ ಕೋಲ್ಕತ್ತಾದವರು ಇಟ್ಟ ಹೆಸರು ‘ಬೇಬಿ ಟ್ಯಾಕ್ಸಿ’.

ಊರಲ್ಲೇ ಉಳಿದು ಆಡುವ ದಾರಿ ತೆರೆದದ್ದು ಸಾರ್ವಜನಿಕ ಉದ್ದಿಮೆಗಳು. ದೂರವಾಣಿ ತಯಾರಿಸುವ ಐಟಿಐ, ವಿಮಾನ ತಯಾರಿಸುವ ಎಚ್‌ಎಎಲ್ ಅಂಥವು ಕೆಲಸ ಕೊಟ್ಟು ಆಡಿಸಿದವು. ಬೆಳಗ್ಗೆ ಪ್ರಾಕ್ಟೀಸು, ಆಮೇಲೆ ಫ್ಯಾಕ್ಟರಿ. 1977ರಲ್ಲಿ ಎಐಎಫ್‌ಎಫ್ ಕ್ಲಬ್ಬುಗಳಿಗಾಗಿ ಫೆಡರೇಷನ್ ಕಪ್ ಶುರು ಮಾಡಿದಾಗ ಮೊದಲ ವರ್ಷವೇ ಗೆದ್ದದ್ದು ಬೆಂಗಳೂರಿನ ಐಟಿಐ. ಫೈನಲ್‌ನಲ್ಲಿ 1–0ರಲ್ಲಿ ಸೋತದ್ದು ಯಾರು ಗೊತ್ತಾ? ಮೋಹನ್ ಬಗಾನ್. ಇದೊಂದು ಚಾಳಿಯೇ ಆಗಿಬಿಟ್ಟಿತ್ತು ನಮಗೆ.

ಐಎಫ್‌ಎ ಮುಂದೇನಾಯಿತು ಅಂತ ಚಿಕ್ಕದಾಗಿ ಹೇಳುತ್ತೇನೆ. ಎಪ್ಪತ್ತರ ದಶಕ ಅದರ ಹೊಳಪಿನ ಕಾಲ. ಶೀಲ್ಡ್‌ಗೆ ಹೊರದೇಶದ ತಂಡಗಳು ಬರತೊಡಗಿದವು. 1970ರಲ್ಲಿ ಈಸ್ಟ್ ಬೆಂಗಾಲ್ ಇರಾನಿನ ಪಾಸ್ ಟೆಹ್ರಾನ್ ತಂಡವನ್ನು ಫೈನಲ್‌ನಲ್ಲಿ 1–0ರಲ್ಲಿ ಸೋಲಿಸಿತು. 1975ರ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ಮೋಹನ್ ಬಗಾನ್ ಮೇಲೆ ಐದು ಗೋಲು ಹೊಡೆಯಿತು, 5–0. ಅದರ ಮಾತೆತ್ತಿದರೆ ಬಗಾನ್ ಅಭಿಮಾನಿಗಳು ಇವತ್ತಿಗೂ ಮುಖ ತಿರುಗಿಸುತ್ತಾರೆ. 1985ರಲ್ಲಿ ಉರುಗ್ವೆಯ ಪೆನ್ಯರೋಲ್ ಬಂದು ಶೀಲ್ಡ್ ಒಯ್ದಿತು. 2005ರಲ್ಲಿ ಬಯರ್ನ್ ಮ್ಯೂನಿಕ್‌ನ ಎರಡನೇ ತಂಡ ಗೆದ್ದಿತು.

ಆ ಹುಚ್ಚಿಗೆ ಕರಾಳ ಮುಖವೂ ಇತ್ತು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ನಡುವೆ ಲೀಗ್ ಪಂದ್ಯ. ಗ್ಯಾಲರಿಯಲ್ಲಿ ಗಲಾಟೆ ಎದ್ದು ನೂಕುನುಗ್ಗಲಾಯಿತು. ಹದಿನಾರು ಜನ ಸತ್ತರು. ಆಟ ನೋಡಲು ಬಂದವರು. ಪ್ರತಿ ವರ್ಷ ಆ ದಿನ ಕೋಲ್ಕತ್ತಾದಲ್ಲಿ ಅವರ ನೆನಪಿಗೆ ರಕ್ತದಾನ ಶಿಬಿರ ನಡೆಸುತ್ತಾರೆ.

ಆಮೇಲೆ ರಾಷ್ಟ್ರೀಯ ಲೀಗ್ ಬಂತು, ಐ–ಲೀಗ್ ಬಂತು, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಬಂತು. ದೊಡ್ಡ ಕ್ಲಬ್ಬುಗಳ ಗಮನ ಆ ಕಡೆ ಹೋಯಿತು. ಶೀಲ್ಡ್ ಕೆಲವು ವರ್ಷ 19 ವರ್ಷದೊಳಗಿನವರ ಟೂರ್ನಿಯಾಗಿ ನಡೆಯಿತು. ಒಂದು ಕಾಲದಲ್ಲಿ ಸೈನ್ಯದ ರೆಜಿಮೆಂಟುಗಳು ಬೆವರು ಹರಿಸಿ ಗೆದ್ದ ಗುರಾಣಿಗೆ ಆ ಗತಿ. 2020ರಲ್ಲಿ ಮತ್ತೆ ಹಿರಿಯರ ಟೂರ್ನಿಯಾದಾಗ ಗೆದ್ದದ್ದು ರಿಯಲ್ ಕಾಶ್ಮೀರ್. ಲೀಗ್ ಮಾತ್ರ ನಡೆಯುತ್ತಲೇ ಇದೆ. 2019ರಲ್ಲಿ ಪಿಯರ್‌ಲೆಸ್ ಅನ್ನೋ ಸಣ್ಣ ಕ್ಲಬ್ಬು ಅದನ್ನು ಗೆದ್ದಾಗ ನನಗೆ ನಿಜಕ್ಕೂ ಖುಷಿಯಾಯಿತು. 1958ರಲ್ಲಿ ಈಸ್ಟರ್ನ್ ರೈಲ್ವೆ ಗೆದ್ದ ಮೇಲೆ ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಅನ್ನೋ ಮೂರು ದೊಡ್ಡ ಕ್ಲಬ್ಬುಗಳ ಹೊರಗಿನವರು ಗೆದ್ದದ್ದು ಅದೇ ಮೊದಲು. ಅರವತ್ತೊಂದು ವರ್ಷ!

ಸಂತೋಷ್ ಟ್ರೋಫಿಗೂ ಈಗ ಹಳೆಯ ಕಳೆ ಇಲ್ಲ. ಐಎಸ್‌ಎಲ್ ಆಟಗಾರರು ಅದರಲ್ಲಿ ಸಾಮಾನ್ಯವಾಗಿ ಆಡುವುದಿಲ್ಲ. ಹಾಗಂತ ಅದು ಸುಮ್ನೆ ಸಿಗುವ ಟ್ರೋಫಿಯೂ ಅಲ್ಲ. ನಿಮ್ಮ ಮಗಳು ನೋಡಿದ 2023ರ ಫೈನಲ್ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆಯಿತು. ಸಂತೋಷ್ ಟ್ರೋಫಿ ದೇಶದ ಹೊರಗೆ ಹೋದದ್ದು ಅದೇ ಮೊದಲು. ಸೆಮಿಫೈನಲ್‌ನಲ್ಲಿ ಸೇನಾಪಡೆಗಳ ಸರ್ವಿಸಸ್ ತಂಡವನ್ನು 3–1ರಲ್ಲಿ, ಫೈನಲ್‌ನಲ್ಲಿ ಮೇಘಾಲಯವನ್ನು 3–2ರಲ್ಲಿ ಸೋಲಿಸಿದೆವು. ಮೈಸೂರು ಅಂತ ಗೆದ್ದ ಕೊನೆಯ ಟ್ರೋಫಿಗೂ ಕರ್ನಾಟಕ ಅಂತ ಗೆದ್ದ ಮೊದಲ ಟ್ರೋಫಿಗೂ ನಡುವೆ 54 ವರ್ಷ. ಬಂಗಾಳ ಎದುರಿಗಿಲ್ಲದೆ ನಾವು ಸಂತೋಷ್ ಟ್ರೋಫಿ ಫೈನಲ್ ಗೆದ್ದದ್ದೂ ಅದೇ ಮೊದಲು.

ಇನ್ನೊಂದು ವಿಷಯ ಬಿಟ್ಟುಹೋಗುತ್ತಿತ್ತು. ಈ ಪಂದ್ಯಾವಳಿಯಲ್ಲಿ ಮೊದಲ ಎರಡು ಸ್ಥಾನದ ಟ್ರೋಫಿಗಳು ಬಂಗಾಳದ್ದು ಅಂದೆನಲ್ಲ. ಮೂರನೇ ಸ್ಥಾನದ್ದು ನಮ್ಮದು. ಆಗಿನ ಮೈಸೂರು ಫುಟ್‌ಬಾಲ್ ಅಸೋಸಿಯೇಷನ್ ಕೊಟ್ಟ ಸಂಪಂಗಿ ಕಪ್. ಮೈಸೂರಿನ ಹೆಸರಾಂತ ಆಟಗಾರ ಸಂಪಂಗಿ ಅವರ ನೆನಪಿಗೆ. ಮೊದಲ ಟ್ರೋಫಿಯಲ್ಲಿ ಒಬ್ಬ ಮಹಾರಾಜರ ಜಮೀನ್ದಾರಿ, ಎರಡನೆಯದರಲ್ಲಿ ಅಧ್ಯಕ್ಷರ ಪತ್ನಿ. ಮೂರರಲ್ಲಿ ಆಟಗಾರನೊಬ್ಬನ ಹೆಸರಿರುವುದು ಇದೊಂದಕ್ಕೇ. ಮಗಳಿಗೆ ಸಂತೋಷ್ ಯಾರು ಅಂತ ಹೇಳುವಾಗ ಸಂಪಂಗಿ ಯಾರು ಅಂತಲೂ ಹೇಳಿಬಿಡಿ.